ಶಿಲ್ಪಕ್ಕೆ ‘ಕಮಿಷನ್’ ಕೊಡುವುದು: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕೆಲಸ ನಿಂತುಹೋದ ಕಲ್ಲುಕ್ವಾರಿಯಲ್ಲಿ, ಅಲ್ಲಿ ದುಡಿದವರ ನೆನಪಿಗೆ ಕಲಾಕೃತಿ ಮಾಡಿಸುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ದುಡ್ಡು ಕೊಟ್ಟು ಕಲಾಕೃತಿ ಮಾಡಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಕಮಿಷನ್’ ಅನ್ನುತ್ತಾರಲ್ಲ, ಹಾಗಾಗಿ ಮೊದಲ ಕರಡಿನಲ್ಲಿ ‘ಕಲಾವಿದರಿಗೆ ಕಮಿಷನ್ ಕೊಡಲಾಗುವುದು’ ಅಂತ ಬರೆದಿದ್ದೆ. ಓದಿದ ಸ್ನೇಹಿತರೊಬ್ಬರು ‘ಎಷ್ಟು ಪರ್ಸೆಂಟು?’ ಅಂದರು. ಅಲ್ಲಿಗೆ ಆ ಪದದ ಕತೆ ಮುಗಿಯಿತು. ‘ನಿಯೋಜನೆ’ ಅಂದರೆ ಶಿಲ್ಪಿಯನ್ನು ಚುನಾವಣಾ ಡ್ಯೂಟಿಗೆ ಹಾಕಿದ ಹಾಗಿರುತ್ತದೆ.

ಆಮೇಲೆ ಹೊಳೆಯಿತು, ನಮ್ಮಲ್ಲಿ ‘-ಇಸು’ ಇದೆ ಅಲ್ವಾ! ಕೆತ್ತು, ಕೆತ್ತಿಸು. ಕಟ್ಟು, ಕಟ್ಟಿಸು. ಹಳೆ ಶಾಸನಗಳಲ್ಲಿ ‘ಮಾಡಿಸಿದಂ’ ಅಂತ ಎಷ್ಟು ಸಲ ಬರುತ್ತದೆ. ದುಡ್ಡು ಕೊಟ್ಟವರು ಬೇರೆ, ಉಳಿ ಹಿಡಿದವರು ಬೇರೆ ಅನ್ನೋದು ಅಷ್ಟರಲ್ಲೇ ಬಂತು. ಆದರೆ ಉಳಿ ಹಿಡಿದವರ ಹೆಸರು ಬೇಕಾದರೆ ಇನ್ನೊಂದು ಸಾಲು ಬರೆಯಬೇಕು. ಹೊಯ್ಸಳರ ಕಾಲದ ರೂವಾರಿ ಮಲ್ಲಿತಮ್ಮ ತನ್ನ ಹೆಸರನ್ನು ತಾನೇ ಕೆತ್ತಿಟ್ಟ. (ತಮಾಷೆ ನೋಡಿ: ರೂವಾರಿ ಅಂದರೆ ಶಿಲ್ಪಿ. ಈಗ ಯೋಜನೆ ಮಾಡಿಸಿದವರೇ ‘ಯೋಜನೆಯ ರೂವಾರಿ’!)

ವಾಕ್ಯದಲ್ಲಿ ‘ಕೆತ್ತಿಸು’ ಚೆನ್ನಾಗಿ ಕೂರುತ್ತದೆ. ತಲೆಬರಹಕ್ಕೆ ನಾಮಪದ ಬೇಕಾದಾಗ ಕಷ್ಟ. ‘ಕೆತ್ತಿಸುವಿಕೆ’ ಅಂತ ಬರೆಯೋಕೆ ನನಗೆ ಮನಸ್ಸಿಲ್ಲ.

ಕ್ವಾರಿಗೆ ‘ಗಣಿ’ ಅಂದರೆ ಚಿನ್ನ, ಅದಿರು ನೆನಪಾಗುತ್ತವೆ. ಕರಾವಳಿಯ ‘ಕೋರೆ’ ನನಗಿಷ್ಟ. ‘ಇಂಡಸ್ಟ್ರಿಯಲ್ ಹೆರಿಟೇಜ್’ಗೆ ‘ಕೈಗಾರಿಕಾ ಪರಂಪರೆ’ ಅಂದಾಗ ಚಿಮಣಿ, ಶೆಡ್ಡು ಕಾಣುತ್ತವೆ, ಕಲ್ಲು ಕಾಣುವುದಿಲ್ಲ. ಅದಕ್ಕೆ ಸುಮ್ನೆ ‘ಕಲ್ಲುಕಸುಬು’ ಅಂತ ಬರೆದಿದ್ದೇನೆ.

ಇನ್ನೊಂದು ತೊಡಕು, ಕಲಾಕೃತಿಯ ‘ಇನ್‌ಸ್ಟಲೇಶನ್’ಗೆ ಬಳಸುವ ‘ಪ್ರತಿಷ್ಠಾಪನೆ’ಯದು. ಅದರಲ್ಲಿ ಬೇರೆಲ್ಲೋ ಮಾಡಿದ್ದನ್ನು ತಂದು ನಿಲ್ಲಿಸುವ ಅರ್ಥವಿದೆ, ಪೂಜೆಯ ವಾಸನೆಯೂ ಇದೆ. ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ದ್ವೀಪದ ಟೌಟ್ ಕ್ವಾರಿಯಲ್ಲಿ ಶಿಲ್ಪಿ ಆಂಟನಿ ಗಾರ್ಮ್ಲಿ 1983ರಲ್ಲಿ ತಲೆಕೆಳಗಾಗಿ ಬೀಳುತ್ತಿರುವ ಮನುಷ್ಯನನ್ನು ಬಂಡೆಯ ಮೈಯಲ್ಲೇ ಕೆತ್ತಿದರು. ಅದನ್ನು ಯಾರೂ ತಂದು ನಿಲ್ಲಿಸಿಲ್ಲ. ಇಂಥದ್ದಕ್ಕೆ ‘ಬಯಲಾಟ’ದ ಮಾದರಿಯಲ್ಲಿ ‘ಬಯಲುಶಿಲ್ಪ’ ಅಂದರೆ ಹೇಗೆ? ‘ಸಾರ್ವಜನಿಕ ಕಲೆ’ಗೆ ಸರ್ಕಾರಿ ಬೋರ್ಡಿನ ಧಾಟಿ ಜಾಸ್ತಿ.

ಕೊನೆಗೆ, ನನಗೆ ನಿಜವಾಗಿ ಬೇಕಾದ ಪದ. ಬಂಡೆಯಲ್ಲಿ ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಒಂದಾದಮೇಲೊಂದಕ್ಕೆ ಸುತ್ತಿಗೆಯ ಪೆಟ್ಟು ಕೊಡುತ್ತಾ ಹೋಗುತ್ತಾರೆ. ಕಲ್ಲು ಆ ಸಾಲಿಗೇ ಬಿರಿಯುತ್ತದೆ. ಪ್ರತಿ ತೂತಿನ ಅರ್ಧ ಹೋಳು ಒಡೆದ ಕಲ್ಲಿನ ಜೊತೆ ಹೋಗುತ್ತದೆ, ಇನ್ನರ್ಧ ಬಂಡೆಯಲ್ಲೇ ಉಳಿಯುತ್ತದೆ, ಸೀಳಿದ ಬಿದಿರಿನ ಒಳಮೈ ಥರ. ನನ್ನ ಬರಹದಲ್ಲಿ ಈ ಗುರುತುಗಳನ್ನು ಅಳಿಸದೆ ಶಿಲ್ಪದ ಭಾಗವಾಗಿ ಉಳಿಸಿಕೊಳ್ಳುವ ಮಾತು ಬರುತ್ತದೆ. ‘ಬೆಣೆಗುರುತು’ ಅಂತ ಬರೆದಿದ್ದೇನೆ. ಕಲ್ಲು ಒಡೆಯುವವರು ಇದಕ್ಕೆ ಏನನ್ನುತ್ತಾರೆ? ಕೇಳಿ ಗೊತ್ತಿದ್ದವರು ತಿಳಿಸಿ.