ಗ್ರಾಹಕರ ಎದುರು ಮೂಡುವ ನೋಟಿಫಿಕೇಷನ್‌ಗಳನ್ನು ಲಿನಕ್ಸ್‌ನಲ್ಲಿ ಹತೋಟಿಗೆ ತರುವುದು ಹೇಗೆ?

ಪ್ರಶ್ನೆ (ಡಿಟಿಪಿ ಅಂಗಡಿ, ದಾವಣಗೆರೆ):
ನಮಸ್ಕಾರ ಸರ್. ನಮ್ಮದು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಮಾಡಿಕೊಡುವ ಅಂಗಡಿ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಜುಬುಂಟು ಎಂಬ ಲಿನಕ್ಸ್ ಬಳಸುತ್ತೇವೆ. ಎರಡು ಮಾನಿಟರ್‌ಗಳಲ್ಲಿ ಒಂದು ನನ್ನ ಮುಂದಿದ್ದು, ಇನ್ನೊಂದು ಪ್ರೂಫ್ ನೋಡಲು ಕೂತ ಗ್ರಾಹಕರ ಕಡೆಗೆ ತಿರುಗಿದೆ. ಮದುವೆ ಸೀಜನ್ನಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ತೆರೆದಿಟ್ಟ ವಾಟ್ಸಾಪ್ ವೆಬ್‌ಗೆ ಎಡೆಬಿಡದೆ ಸಂದೇಶಗಳು ಬರುತ್ತವೆ. ಒಬ್ಬರ ಪತ್ರಿಕೆಯಲ್ಲಿ ಮುಹೂರ್ತದ ಸಾಲನ್ನು ತಿದ್ದುತ್ತಿರುವಾಗ, ಇನ್ನೊಬ್ಬರು ಬಾಕಿ ಹಣದ ಬಗ್ಗೆ ಬರೆದದ್ದು ಹೆಸರಿನ ಸಮೇತ ಅವರ ಕಣ್ಣೆದುರೇ ಮೂಡುತ್ತದೆ. ಎಲ್ಲವನ್ನೂ ನಿಲ್ಲಿಸಿದರೆ ಯುಪಿಎಸ್ ಬ್ಯಾಟರಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯೂ ತಪ್ಪಿಹೋದೀತೆಂಬ ಭಯವಿದೆ. ದಯವಿಟ್ಟು ದಾರಿ ತಿಳಿಸಿ.

ಉತ್ತರ (ಸಿಸ್ಟಂ ಅಡ್ಮಿನಿಸ್ಟ್ರೇಟರ್):
ನಮಸ್ಕಾರ. ಎಲ್ಲವನ್ನೂ ನಿಲ್ಲಿಸುವ ಅಗತ್ಯವಿಲ್ಲ. ಲಿನಕ್ಸ್‌ನಲ್ಲಿ ನೋಟಿಫಿಕೇಷನ್ ಕಳಿಸುವ ತಂತ್ರಾಂಶ ಬೇರೆ, ತೋರಿಸುವ ತಂತ್ರಾಂಶ ಬೇರೆ. ಫೈರ್‌ಫಾಕ್ಸ್ ತನ್ನ ಸಂದೇಶವನ್ನು ಡಿ-ಬಸ್ ಎಂಬ ಆಂತರಿಕ ಸಂಪರ್ಕ ವ್ಯವಸ್ಥೆಯ ಮೂಲಕ ದಾಟಿಸುತ್ತದೆ. ಅದನ್ನು ಯಾವ ಮೂಲೆಯಲ್ಲಿ, ಎಷ್ಟು ಹೊತ್ತು, ಯಾವ ಮಾನಿಟರಿನಲ್ಲಿ ತೋರಿಸಬೇಕೆಂದು ನಿರ್ಧರಿಸುವುದು ಎಕ್ಸ್‌ಎಫ್‌ಸಿಇ ನೋಟಿಫೈಡಿ ಎಂಬ ತಂತ್ರಾಂಶ. ಆದ್ದರಿಂದ ಜಾಗ ಮತ್ತು ಸಮಯವನ್ನು ಡೆಸ್ಕ್‌ಟಾಪ್‌ನಲ್ಲಿಯೂ, ಸಂದೇಶದೊಳಗಿನ ಮಾತನ್ನು ವಾಟ್ಸಾಪ್‌ನಲ್ಲಿಯೂ ಸರಿಪಡಿಸಬೇಕು.

ಮೊದಲು ಸೆಟ್ಟಿಂಗ್ಸ್ ಮ್ಯಾನೇಜರ್‌ನಲ್ಲಿ ನೋಟಿಫಿಕೇಷನ್ಸ್ ತೆರೆಯಿರಿ. ನೋಟಿಫಿಕೇಷನ್‌ಗಳನ್ನು ಎಲ್ಲಿ ತೋರಿಸಬೇಕು ಎಂಬಲ್ಲಿ, ಮೌಸ್ ಪಾಯಿಂಟರ್ ಇರುವ ಮಾನಿಟರ್ ಎಂಬ ಆಯ್ಕೆ ಇರಬಹುದು. ನಿಮ್ಮ ತೊಂದರೆಯ ಮೂಲ ಬಹುಶಃ ಇದೇ: ಪ್ರೂಫ್ ತೋರಿಸಲು ಮೌಸನ್ನು ಗ್ರಾಹಕರ ಮಾನಿಟರಿಗೆ ಒಯ್ದಾಗ ನೋಟಿಫಿಕೇಷನ್ನೂ ಅದರ ಬೆನ್ನು ಹತ್ತಿ ಹೋಗುತ್ತದೆ. ಅಲ್ಲಿ ಪ್ರೈಮರಿ ಡಿಸ್‌ಪ್ಲೇ ಆರಿಸಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ನಿಮ್ಮ ಮುಂದಿನ ಮಾನಿಟರನ್ನೇ ಪ್ರೈಮರಿ ಮಾಡಿರಿ. ಬಲಬದಿಯ ಟೂಲ್‌ಗಳು ಮುಚ್ಚಿಹೋಗದಂತೆ ಜಾಗವನ್ನು ಎಡಗಡೆ ಕೆಳಮೂಲೆಗೆ ಬದಲಿಸಬಹುದು.

ಎರಡನೆಯದಾಗಿ, ವಾಟ್ಸಾಪ್ ವೆಬ್‌ನ ನೋಟಿಫಿಕೇಷನ್ ಸೆಟ್ಟಿಂಗ್‌ನಲ್ಲಿ ಪ್ರಿವ್ಯೂ ತೋರಿಸುವ ಆಯ್ಕೆಯನ್ನು ತೆಗೆಯಿರಿ. ಗ್ರಾಹಕರು ನಿಮ್ಮನ್ನು ನಂಬಿ ಬರೆದ ವ್ಯವಹಾರದ ಮಾತು ಬೇರೆಯವರಿಗೆ ಕಾಣಬಾರದು ಎಂಬ ನಿಮ್ಮ ಕಾಳಜಿ ಸರಿಯಾದದ್ದು. ಮಾನಿಟರ್ ಬದಲಿಸಿದ ಮಾತ್ರಕ್ಕೆ ಇದನ್ನು ಕೈಬಿಡಬೇಡಿ.

ಯುಪಿಎಸ್ ವಿಷಯ. ಪ್ರತಿ ನೋಟಿಫಿಕೇಷನ್‌ಗೂ ಲೋ, ನಾರ್ಮಲ್, ಕ್ರಿಟಿಕಲ್ ಎಂಬ 3 ತುರ್ತು ಮಟ್ಟಗಳಿವೆ. ಎಕ್ಸ್‌ಎಫ್‌ಸಿಇಯಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿದಾಗಲೂ ಕ್ರಿಟಿಕಲ್ ಎಂಬ ಗುರುತಿನೊಂದಿಗೆ ಬಂದವು ಕಾಣುತ್ತವೆ; ಯುಪಿಎಸ್ ಎಚ್ಚರಿಕೆ ಆ ಗುರುತಿನೊಂದಿಗೆ ಬಂದರೆ ಅದೂ ಕಾಣುತ್ತದೆ. ಇದನ್ನು ಈಗಲೇ ಪರೀಕ್ಷಿಸಿಕೊಳ್ಳಿ: ಡು ನಾಟ್ ಡಿಸ್ಟರ್ಬ್ ಹಾಕಿ, ಟರ್ಮಿನಲ್‌ನಲ್ಲಿ ನೋಟಿಫಿಕೇಷನ್ ಕಳಿಸುವ ನೋಟಿಫೈ-ಸೆಂಡ್ (notify-send) ಆಜ್ಞೆಯನ್ನು ಯಾವುದಾದರೂ ಒಂದು ಪದದ ಸಂದೇಶ ಕೊಟ್ಟು ಒಮ್ಮೆ ಹಾಗೆಯೇ, ಇನ್ನೊಮ್ಮೆ ಹೈಫನ್ ಯು ಕ್ರಿಟಿಕಲ್ (-u critical) ಸೇರಿಸಿ ಓಡಿಸಿ. ಆಜ್ಞೆ ಸಿಗದಿದ್ದರೆ ಲಿಬ್‌ನೋಟಿಫೈ-ಬಿನ್ ಪ್ಯಾಕೇಜ್ ಹಾಕಿಕೊಳ್ಳಬೇಕು. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಕಂಪ್ಯೂಟರಿಗೆ ಜೋಡಿಸಿಲ್ಲವಾದರೆ ಬ್ಯಾಟರಿಯ ಮಾಹಿತಿ ಅದಕ್ಕೆ ತಲುಪುವುದೇ ಇಲ್ಲ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ (ಚಿತ್ರದುರ್ಗ):
ಸರ್, ಇದಕ್ಕೆ ಸೇರಿದಂತೆ ನನ್ನದೂ ಒಂದು ಪ್ರಶ್ನೆ. ಗ್ನೋಮ್ ಡೆಸ್ಕ್‌ಟಾಪ್ ಇರುವ ಉಬುಂಟುವಿನಲ್ಲಿ ಬ್ಯಾಕಪ್ ವಿಫಲವಾದರೆ ನೋಟಿಫೈ-ಸೆಂಡ್ ಮೂಲಕ ತಿಳಿಸುವಂತೆ ಸ್ಕ್ರಿಪ್ಟ್ ಬರೆದಿದ್ದೇನೆ. ಕೈಯಿಂದ ಓಡಿಸಿದರೆ ಬರುತ್ತದೆ, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್‌ಗೆ ಹಾಕಿದರೆ ಬರುವುದಿಲ್ಲ. ಹೈಫನ್ ಟಿ (-t) ಕೊಟ್ಟು 20 ಸೆಕೆಂಡ್ ನಿಲ್ಲಿಸಲು ಹೇಳಿದರೂ ಅದು ಲೆಕ್ಕಿಸುವುದಿಲ್ಲ.

ಉತ್ತರ (ಸಿಸ್ಟಂ ಅಡ್ಮಿನಿಸ್ಟ್ರೇಟರ್):
ಎರಡಕ್ಕೂ ಕಾರಣ ಬೇರೆ ಬೇರೆ. ಹೈಫನ್ ಟಿ ಮಿಲಿಸೆಕೆಂಡ್‌ಗಳಲ್ಲಿ ಕೇಳುತ್ತದೆ, ಹಾಗಾಗಿ 20 ಸೆಕೆಂಡ್‌ಗೆ 20000 ಎಂದು ಬರೆಯಬೇಕು. ಆದರೆ ಗ್ನೋಮ್‌ನಲ್ಲಿ ನೋಟಿಫಿಕೇಷನ್ ತೋರಿಸುವ ಗ್ನೋಮ್ ಶೆಲ್ ಈ ಕೋರಿಕೆಯನ್ನು ಪರಿಗಣಿಸುವುದೇ ಇಲ್ಲ. ನೀವು ನೋಡುವವರೆಗೆ ನಿಲ್ಲಬೇಕಾದರೆ ಕ್ರಿಟಿಕಲ್ ಮಟ್ಟವೇ ಸರಿ, ಬ್ಯಾಕಪ್ ವಿಫಲವಾದದ್ದು ಅದಕ್ಕೆ ತಕ್ಕ ವಿಷಯವೂ ಹೌದು. ಯಶಸ್ವಿಯಾದಾಗಲೂ ಅದೇ ಮಟ್ಟ ಬಳಸಬೇಡಿ, ಬಳಸಿದರೆ ನಾಲ್ಕು ದಿನದಲ್ಲಿ ಕಣ್ಣು ಅದನ್ನು ಗಮನಿಸುವುದನ್ನೇ ಬಿಡುತ್ತದೆ.

ಕ್ರಾನ್ ನಿಮ್ಮ ಲಾಗಿನ್ ಸೆಷನ್ನಿನ ಹೊರಗೆ ಓಡುವುದರಿಂದ ಅದಕ್ಕೆ ನಿಮ್ಮ ಡಿ-ಬಸ್‌ನ ವಿಳಾಸ ಗೊತ್ತಿರುವುದಿಲ್ಲ. ಆ ವಿಳಾಸವನ್ನು ಸ್ಕ್ರಿಪ್ಟಿನಲ್ಲಿ ಬರೆಯಬಹುದಾದರೂ, ಕ್ರಾನ್‌ನಂತೆಯೇ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸಿಸ್ಟಂಡಿಯ (systemd) ಯೂಸರ್ ಟೈಮರ್ ಮಾಡಿಕೊಳ್ಳುವುದನ್ನೇ ನಾನು ಹೇಳುತ್ತೇನೆ. ಅದು ನಿಮ್ಮ ಹೆಸರಿನಲ್ಲಿಯೇ ಓಡುತ್ತದೆ, ವಿಳಾಸವೂ ಅದಕ್ಕೆ ತಾನಾಗಿ ಸಿಗುತ್ತದೆ. ನೀವು ಲಾಗಿನ್ ಆಗಿರದ ಹೊತ್ತಿನಲ್ಲಿ ತೋರಿಸಲು ತೆರೆಯೇ ಇರುವುದಿಲ್ಲವಾದ್ದರಿಂದ, ವಿಫಲತೆಯನ್ನು ಒಂದು ಕಡತದಲ್ಲಿಯೂ ಬರೆಸಿಡಿ.