ರಿಕ್‌ವುಡ್ ಫೀಲ್ಡ್ ನೋಡಿ ಬಂದವರು ದಯವಿಟ್ಟು ತಿಳಿಸಿ

ಮೈಸೂರಿನಿಂದ ತಂದೆಯವರು ಅಟ್ಲಾಂಟಾದ ನಮ್ಮ ಮನೆಗೆ ಬಂದಿದ್ದಾರೆ. ಕ್ರಿಕೆಟ್ ಎಂದರೆ ಪ್ರಾಣ. ಬೇಸ್‌ಬಾಲ್ ಇನ್ನೂ ಒಗ್ಗಿಲ್ಲ. ಆದರೂ ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯ ವೃತ್ತಿಪರ ಬೇಸ್‌ಬಾಲ್ ಕ್ರೀಡಾಂಗಣವಾದ ರಿಕ್‌ವುಡ್ ಫೀಲ್ಡ್ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿದೆ ಎಂದು ಓದಿದ ಮೇಲೆ ಅದನ್ನು ನೋಡಲೇಬೇಕು ಎನ್ನುತ್ತಿದ್ದಾರೆ. ಪಂದ್ಯವಿಲ್ಲದ ದಿನ ಹೋದರೆ ನೋಡಲು ಏನಾದರೂ ಇರುತ್ತದೆಯೇ? ಎಪ್ಪತ್ತೆರಡು ವರ್ಷದವರನ್ನು ಕರೆದೊಯ್ಯಬಹುದೇ?

ಎರಡು ಸಲ ಹೋಗಿ ಬಂದವರೊಬ್ಬರ ಉತ್ತರ:

ಖಂಡಿತ ಕರೆದೊಯ್ಯಿರಿ. ಐ-20 ಹೆದ್ದಾರಿಯಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಅಲಬಾಮಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ, ಎಂಟಕ್ಕೆ ಮನೆ ಬಿಟ್ಟರೆ ಅಲ್ಲಿನ ಒಂಬತ್ತೂವರೆಗೆ, ಬಿಸಿಲೇರುವ ಮೊದಲೇ ತಲುಪುತ್ತೀರಿ. ಆದರೆ ಮೊದಲೇ ಫೋನ್ ಮಾಡದೆ ಹೊರಡಬೇಡಿ. ಮೊದಲ ಸಲ ನಾನು ಆ ತಪ್ಪು ಮಾಡಿದೆ. ಅಂದು ಮೈದಾನವನ್ನು ಯಾವುದೋ ಖಾಸಗಿ ಕಾರ್ಯಕ್ರಮಕ್ಕೆ ಕೊಟ್ಟಿದ್ದರಿಂದ, ಬೀಗ ಹಾಕಿದ ಗೇಟಿನ ಸರಳುಗಳ ನಡುವೆ ಕಂಡಷ್ಟು ಹಸಿರನ್ನೇ ನೋಡಿಕೊಂಡು ಹಿಂದಿರುಗಬೇಕಾಯಿತು. 1996ರಲ್ಲಿ ಆರಂಭವಾದ ರಿಕ್‌ವುಡ್ ಕ್ಲಾಸಿಕ್ ಎಂಬ ಪಂದ್ಯದಲ್ಲಿ ಆಟಗಾರರು ಹಳೆಯ ಕಾಲದ ಉಡುಪು ತೊಟ್ಟು ಆಡುತ್ತಾರೆ, ಆದರೆ ಅದು ಎಲ್ಲ ವರ್ಷವೂ ನಡೆದಿಲ್ಲ. ಅದಕ್ಕಾಗಿ ಕಾಯಬೇಡಿ. ಖಾಲಿ ಮೈದಾನದಲ್ಲಿ ನಿಮ್ಮ ತಂದೆಯವರು ಎಲ್ಲೆಂದರಲ್ಲಿ ನಿಧಾನವಾಗಿ ಕುಳಿತು ನೋಡಬಹುದು.

ಭದ್ರಾವತಿ ಮೂಲದವರೊಬ್ಬರ ಉತ್ತರ:

ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಬೆಳೆದ ನನಗೆ ಬರ್ಮಿಂಗ್‌ಹ್ಯಾಮ್ ಪರಕೀಯ ಅನ್ನಿಸಲೇ ಇಲ್ಲ. ಈ ಕ್ರೀಡಾಂಗಣವನ್ನು 1910ರ ಆಗಸ್ಟ್ 18ರಂದು ತೆರೆದವರೂ ಕಬ್ಬಿಣದ ಉದ್ಯಮಿ ರಿಕ್ ವುಡ್‌ವರ್ಡ್ ಅವರೇ. ಹೆಸರಿನ ಗುಟ್ಟೂ ಅಲ್ಲೇ ಇದೆ. ಮೊದಲು ಕಣ್ಣಿಗೆ ಬೀಳುವುದು 1936ರಲ್ಲಿ ನಿಲ್ಲಿಸಿದ ದೀಪದ ಗೋಪುರಗಳು. ಅವು ಚಾವಣಿಯ ಮೇಲಿಂದ ಮೈದಾನದತ್ತ ಮುಂದಕ್ಕೆ ಚಾಚಿಕೊಂಡಿವೆ, ಬಾವಿಯೊಳಗೆ ಇಣುಕುವವರ ಹಾಗೆ. ಇವನ್ನೆಲ್ಲ ನೋಡಿ ‘ಆಹಾ, ಹಳೆಯ ಕಾಲ’ ಎಂದು ಹೊರಟುಬಿಡಬೇಡಿ. ಬಲಬದಿಯ ಬಯಲು ಮೆಟ್ಟಿಲುಗಳ ಕಡೆಗೂ ತಂದೆಯವರನ್ನು ಕರೆದೊಯ್ಯಿರಿ. ಬಿಳಿಯರ ಬ್ಯಾರನ್ಸ್ ತಂಡ ಆಡುವ ದಿನ ಕಪ್ಪುಜನರಿಗೆ ಕೂರಲು ಬಿಡುತ್ತಿದ್ದದ್ದು ಆ ಬದಿಯಲ್ಲಿ ಮಾತ್ರ. ಬ್ಯಾರನ್ಸ್ ಪರವೂರಿಗೆ ಹೋದಾಗ ಇದೇ ಮೈದಾನದಲ್ಲಿ ಕಪ್ಪುಜನರ ತಂಡವಾದ ಬ್ಲ್ಯಾಕ್ ಬ್ಯಾರನ್ಸ್ ಆಡುತ್ತಿದ್ದರು, ಮತ್ತು 1948ರಲ್ಲಿ ಮುಂದೆ ಬೇಸ್‌ಬಾಲಿನ ದಂತಕಥೆಯಾದ, ಆಗ ಹದಿನೇಳರ ಹುಡುಗ ವಿಲ್ಲಿ ಮೇಸ್ ಶಾಲೆ ಬಿಡದೆಯೇ ಆ ತಂಡ ಸೇರಿದ್ದರು. ಆ ವರ್ಷ ನೀಗ್ರೋ ಲೀಗುಗಳ, ಅಂದರೆ ಕಪ್ಪು ಆಟಗಾರರ ಪ್ರತ್ಯೇಕ ಲೀಗುಗಳ, ಕೊನೆಯ ವಿಶ್ವ ಸರಣಿಯಲ್ಲಿ ಹೋಮ್‌ಸ್ಟೆಡ್ ಗ್ರೇಸ್ ಎದುರು ಬರ್ಮಿಂಗ್‌ಹ್ಯಾಮ್ ಗೆದ್ದದ್ದು ಒಂದೇ ಪಂದ್ಯ. ಅದನ್ನು ಇಲ್ಲಿ ಗೆದ್ದುಕೊಟ್ಟ ಹೊಡೆತ ಮೇಸ್ ಅವರದು.

ಕಪ್ಪು ಮತ್ತು ಬಿಳಿ ಆಟಗಾರರು ಕೂಡಿ ಆಡಬಾರದೆಂದು ಈ ನಗರದಲ್ಲಿ ಕಾನೂನೇ ಇತ್ತು. 1961ರ ನಂತರ ಬ್ಯಾರನ್ಸ್ ಆಡುತ್ತಿದ್ದ ಲೀಗು ಮುಚ್ಚಿ, 1964ರಲ್ಲಿ ಮಿಶ್ರ ತಂಡ ಬರುವವರೆಗೆ ಬ್ಯಾರನ್ಸ್ ಇಲ್ಲದೆ ಮೈದಾನ ಬರಿದಾಗಿತ್ತು. 2024ರ ಜೂನ್ 20ರಂದು ಇಲ್ಲಿ ಜೈಂಟ್ಸ್ ಮತ್ತು ಕಾರ್ಡಿನಲ್ಸ್ ತಂಡಗಳ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ದರ್ಜೆಯ ಬೇಸ್‌ಬಾಲ್) ಪಂದ್ಯ ನಡೆದಾಗ ಅಂಪೈರುಗಳೆಲ್ಲರೂ ಕಪ್ಪುಜನರೇ. ಮೇಸ್ ತೀರಿಕೊಂಡು ಆಗ ಎರಡೇ ದಿನವಾಗಿತ್ತು.

ಬರ್ಮಿಂಗ್‌ಹ್ಯಾಮಿನಲ್ಲೇ ಇರುವವರೊಬ್ಬರ ಉತ್ತರ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದರಲ್ಲಿ ಬಹುಪಾಲು ಮೈದಾನದಲ್ಲಿ ತಾನಾಗಿ ಕಾಣಿಸುವುದಿಲ್ಲ. ಆದ್ದರಿಂದ ಮೊದಲು ನಗರದ ಮಧ್ಯದಲ್ಲಿರುವ ನೀಗ್ರೋ ಸದರ್ನ್ ಲೀಗ್ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅನಂತರ ಮೈದಾನಕ್ಕೆ ಬನ್ನಿ. ನೀರು, ಟೋಪಿ ಮತ್ತು ಊಟ ಜೊತೆಗಿರಲಿ. ಪಂದ್ಯವಿಲ್ಲದ ದಿನ ಒಳಗೆ ತಿಂಡಿ ಸಿಗುತ್ತದೆಂದು ನಂಬಿಕೊಂಡು ಬರಬೇಡಿ.

ತಂದೆಯವರೊಡನೆ ಹೋಗಿದ್ದವರೊಬ್ಬರ ಉತ್ತರ:

ನನ್ನ ಅಪ್ಪನೂ ಕ್ರಿಕೆಟ್ಟಿನವರೇ. ನಿಯಮಗಳನ್ನು ವಿವರಿಸಲು ಹೋಗಿ ಸೋತ ಮೇಲೆ ನಾನು ಅವರಿಗೆ ಬೇಲಿ ತೋರಿಸಿದೆ. ಇಲ್ಲಿ ಆಟದ ಬೇಲಿಯ ಹಿಂದೆ, ಸಾಕಷ್ಟು ದೂರದಲ್ಲಿ, 1928ರ ಕಾಂಕ್ರೀಟ್ ಗೋಡೆ ಇನ್ನೂ ನಿಂತಿದೆ. ಮೊದಲು ಎಲ್ಲೆ ಅದೇ ಆಗಿತ್ತು. ‘ಅಂದರೆ ಇವರೂ ಬೌಂಡರಿ ಹಗ್ಗವನ್ನು ಒಳಗೆ ಎಳೆದುಕೊಂಡಿದ್ದಾರೆ’ ಎಂದು ಅಪ್ಪ ನಕ್ಕರು. 1948ರಲ್ಲಿ ಬ್ಯಾರನ್ಸ್ ತಂಡದ ವಾಲ್ಟ್ ಡ್ರೋಪೊ ಹೊಡೆದ ಚೆಂಡು ಆ ಗೋಡೆಗೆ ಬಡಿದ ಜಾಗದಲ್ಲಿ ಗುಣಾಕಾರದ ಚಿಹ್ನೆಯಂಥ ಗುರುತು ಹಾಕಿದ್ದರು. ಅಪ್ಪ ಬ್ಯಾಟು ಹಿಡಿಯುವ ಜಾಗದತ್ತ ಒಮ್ಮೆ, ಗುರುತಿನತ್ತ ಒಮ್ಮೆ ನೋಡಿ, ಬಹಳ ಹೊತ್ತು ಏನೂ ಮಾತಾಡಲಿಲ್ಲ. ಇದು 2024ರ ಮೇಜರ್ ಲೀಗ್ ಪಂದ್ಯಕ್ಕಾಗಿ ಮೈದಾನವನ್ನು ದುರಸ್ತಿ ಮಾಡುವ ಮುಂಚಿನ ಮಾತು. ನೀವು ಹೋದಾಗ ಆ ಗುರುತನ್ನು ಹುಡುಕಿ ನೋಡಿ.

ಕೇಳಿದವರ ಮರುಮಾತು:

ಎಲ್ಲರಿಗೂ ವಂದನೆಗಳು. ನಾಳೆಯೇ ಫೋನ್ ಮಾಡುತ್ತೇನೆ. ಗೋಡೆಯವರೆಗೂ ನಡೆದುಹೋಗಲು ಬಿಡುತ್ತಾರೆಯೇ ಎಂದು ಕೇಳಬೇಕೆಂದು ತಂದೆಯವರು ಆಗಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.