ಡೋಣಿ ದಂಡ್ಯಾಗ ಬಳ್ಳಾರಿ ಜಾಲಿ ಕಡಿಸಿದ ಜಾಗಕ್ಕ ಈಗ ಕಾಂಗ್ರೆಸ್ ಕಸ ಬಂದೈತಿ, ಮುಂದ ಏನ್ ಮಾಡೂದ್ರಿ?

ಸಾರವಾಡ ಎರಿಹೊಲ

ಎಲ್ಲಾರಿಗೂ ಶರಣ್ರಿ. ನಮ್ಮ ಹೊಲ ಸಾರವಾಡದ ಕಡೆ, ಡೋಣಿ ಹೊಳಿ ದಂಡಿಗೆ ಹತ್ತಿಕೊಂಡ ಐತಿ. ಹೊಳಿ ಮತ್ತ ನಮ್ಮ ಒಡ್ಡಿನ ನಡುವ ಊರ ದನ ಮೇಯೂ ಗಾಯರಾಣದ ಒಂದ ಪಟ್ಟಿ, ಅದರ ತುಂಬ ಬಳ್ಳಾರಿ ಜಾಲಿ ಇತ್ತು. ಹಂದಿ ಅದರಾಗ ಅಡಗಿ ಕುಂತು ರಾತ್ರಿ ಜೋಳಕ್ಕ ಬೀಳ್ತಿದ್ದವು. ಹೋದ ಬ್ಯಾಸಗ್ಯಾಗ ಊರವ್ರು ರೊಕ್ಕಾ ಕೂಡಿಸಿ, ಜೆಸಿಬಿ ತರಿಸಿ ಕಡಿಸಿದ್ವಿ.

ಮಳಿ ಆದ ಮ್ಯಾಲ ನೋಡಿದ್ರ, ಮುರದು ಉಳದ ಬೊಡ್ಡಿ ಎಲ್ಲಾ ಟಿಸಿಲ ಒಡದಾವ. ಬರೀ ನೆಲ ಇದ್ದಲ್ಲೆ ಕಾಂಗ್ರೆಸ್ ಕಸ ಮೊಣಕಾಲ ಮಟ ಎದ್ದೈತಿ. ಅದನ್ನ ಕೀಳಾಕ ಹೋಗಿ ನಮ್ಮವ್ವಗ ಕೈ, ಕುತ್ತಿಗಿ ತುಂಬ ಗಾದರಿ ಎದ್ದು ಆಸ್ಪತ್ರಿಗೆ ತೋರಿಸಿದ್ವಿ.

ಆ ದಂಡ್ಯಾಗ ಮೊದಲ ಬನ್ನಿ, ಕರಿಜಾಲಿ, ಬಾರಿಕಂಟಿ, ಎದಿಮಟ ಹುಲ್ಲು ಇತ್ತಂತ ನಮ್ಮ ಮುತ್ಯಾ ಹೇಳ್ತಿದ್ರು. ಅಂಗಡ್ಯಾವ್ರು ಔಷಧಿ ಹೊಡಿ ಅಂತಾರ. ಅಲ್ಲಿಂದ ನೀರು ಹರದು ಸೀದಾ ಹೊಳಿಗೆ ಹೋಗ್ತೈತಿ, ನನಗ ಮನಸ ಇಲ್ಲ. ಹಳೇ ಗಿಡಾ, ಹುಲ್ಲು ತಿರುಗಿ ಬರಬೇಕಂದ್ರ ಎಲ್ಲಿಂದ ಸುರು ಮಾಡಬೇಕ್ರಿ?

ಬೀಳಗಿ ಬನ್ನಿಗಿಡ

ಅಣ್ಣಾರ, ಮೊದಲ ಬೊಡ್ಡಿ ನೋಡ್ರಿ. ಬಳ್ಳಾರಿ ಜಾಲಿ ಜೀವಾ ಇರೂದು ಮಣ್ಣಿನ ಕೆಳಗ, ಕಾಂಡ ಬೇರು ಕೂಡೂ ಜಾಗಾದಾಗ. ಸುತ್ತ ಮಣ್ಣ ಸರಸಿ ನೋಡಿದ್ರ ಅಲ್ಲೊಂದ ದಪ್ಪ ಗಂಟು ಕಾಣ್ತೈತಿ, ಅದರ ಮೈಮ್ಯಾಲ ನವಣಿಕಾಳಿನಷ್ಟ ಸಣ್ಣ ಮೊಗ್ಗು ಕುಂತಿರ್ತಾವ. ನೆಲಮಟ್ಟಕ್ಕ ಕಡದ್ರ ಅವು ಎಲ್ಲಾ ಒಮ್ಮಿಗೆ ಏಳ್ತಾವ. ಗುದ್ದಲಿ ತಗೊಂಡು ಒಂದ ಫೂಟ ಕೆಳಗಿಂದ ಕಡದು ಆ ಗಂಟ ಹೊರಗ ತಗೀರಿ. ಪಾತಾಳಕ್ಕ ಹೋದ ಬೇರು ಕೀಳೂ ಕಾರಣ ಇಲ್ಲ, ಗಂಟ ಹೋದ್ರ ಅದು ಮತ್ತ ಚಿಗಿಯೂದಿಲ್ಲ. ನೆಲ ಹಸಿ ಇದ್ದಾಗ ಮಾಡ್ರಿ, ಎರಿ ಮಣ್ಣ ಒಣಗಿದ್ರ ಗುದ್ದಲಿ ಹೋಗೂದಿಲ್ಲ.

ಆಮ್ಯಾಲ ಬೀಜ. ಆಡು, ದನ ಅದರ ಎಲಿ ಅಷ್ಟಾಗಿ ಮುಟ್ಟೂದಿಲ್ಲ, ಕಾಯಿ ಮಾತ್ರ ಸಿಹಿ ಅಂತ ಹುಡುಕಿ ತಿಂತಾವ. ಗಟ್ಟಿ ಬೀಜ ಹೊಟ್ಟ್ಯಾಗ ಹಾದು ಬಂದು, ಹಿಕ್ಕಿ ಸಗಣ್ಯಾಗ ಗೊಬ್ಬರ ಸಮೇತ ಬಿದ್ದು ಮೊಳೀತೈತಿ. ಕಾಯಿ ಉದರೂ ಕಾಲಕ್ಕ ಜಾಲಿಯಾಗ ಮೇದು ಬಂದ ಹಿಂಡನ್ನ ನಿಮ್ಮ ಪಟ್ಟಿಗೆ ಬಿಡಬ್ಯಾಡ್ರಿ.

ಈಗ ಕಾಂಗ್ರೆಸ್ ಕಸದ ಮಾತು. 1955ರ ಸುಮಾರಿಗೆ ಪುಣೆದಾಗ ಕಣ್ಣಿಗೆ ಬಿದ್ದ ಕಸ ಇವತ್ತ ಇಡೀ ದೇಶ ಹಬ್ಬೈತಿ. ಕಸುವಿನ ಒಂದ ಗಿಡ 15,000ಕ್ಕೂ ಹೆಚ್ಚ ಬೀಜ ಬಿಡ್ತೈತಿ. ಅದರ ಎಲಿ ಬೇರಿನಿಂದ ಇಳಿಯೂ ಪಾರ್ಥೇನಿನ್ ಅನ್ನೂ ವಿಷ ಬ್ಯಾರೆ ಬೀಜ ಮೊಳೀಲಾರದಂಗ ತಡೀತೈತಿ, ನಿಮ್ಮವ್ವಗ ಗಾದರಿ ಎದ್ದದ್ದೂ ಅದರಿಂದನ ಇರಬೇಕು. ಇಷ್ಟೆಲ್ಲಾ ಇದ್ರೂ ದಟ್ಟ ಹುಲ್ಲಿನಾಗ ಅದು ಸೋಲ್ತೈತಿ. ಅದರ ಸಸಿಗೆ ಬಿಸಲ ಬೇಕು, ತೆರವ ನೆಲ ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡದಾಗೂ ದನ ಅತಿ ಮೇದು ಬೋಳಾದ ಹುಲ್ಲುಗಾವಲಿಗೆ ಇದು ಹೊಕ್ಕೈತಿ. ಜೆಸಿಬಿ ಹ್ವಾದ ಮರುದಿನ ನಿಮ್ಮ ನೆಲಾ ಬೋಳಿತ್ತು, ಮೊದಲ ಬಂದದ್ದು ಹಿಡಕೊಂತು. ಅದಕ್ಕ ನಾ ಹೇಳೂದು, ಇಡೀ ಪಟ್ಟಿ ಒಮ್ಮೆಲೆ ತೆರವ ಮಾಡಬ್ಯಾಡ್ರಿ. ಎಷ್ಟಕ್ಕ ಹುಲ್ಲು ಹಾಕಾಕ ಆಗ್ತೈತೋ ಅಷ್ಟ ಕಡೀರಿ.

ಹುಲ್ಲು ಅಂದ್ರ ನಮ್ಮ ನೆಲದ್ದು. ಎರಿಗೆ ಮಾರ್ವೆಲ್, ಒಡ್ಡಿನ ಮ್ಯಾಲಿನ ಗಡಸ ಜಾಗಕ್ಕ ಅಂಜನ. ಬೀಜ ಹಗೂರ, ಹಂಗ ಚೆಲ್ಲಿದ್ರ ಗಾಳಿಗೆ ಹೋಗ್ತೈತಿ. ಮಣ್ಣು ಸಗಣಿ ಕಲಸಿ ಸಣ್ಣ ಗುಳಿಗಿ ಮಾಡಿ ಒಣಗಿಸಿ ಮೊದಲ ಮಳಿಗೆ ಹಾಕ್ರಿ, ಇಲ್ಲಾ ಬೇರ ಸಮೇತ ಸೀಳಿ ನಡ್ರಿ. ಧಾರವಾಡದಾಗ ಹುಲ್ಲುಗಾವಲು ಮತ್ತ ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಐತಿ, ಬೀಜದ್ದು ಅಲ್ಲಿ ವಿಚಾರಿಸ್ರಿ. ಎರಡ ವರ್ಷ ದನ ಬಿಡದ, ಕೊಯ್ದು ಹಾಕ್ರಿ.

ತಾಳಿಕೋಟಿ ಒಲಿಮನಿ

ಅಣ್ಣಾ, ಕಡಸೂ ಮುಂದ ಒಲಿ ಮುಂದ ಕುಂತವ್ರನ್ನೂ ಕೇಳ್ರಿ. ನಮ್ಮ ಓಣ್ಯಾಗ ಗ್ಯಾಸ್ ಇದ್ದವ್ರೂ ನೀರ ಕಾಸಾಕ, ರೊಟ್ಟಿ ಸುಡಾಕ ಜಾಲಿ ಕಟ್ಟಿಗಿನ ಹಚ್ತಾರ. ಹೊಲ ಇಲ್ಲದವ್ರು ಇದ್ದಲಿ ಸುಟ್ಟು ಮಾರಿ ಮಕ್ಕಳ ಸಾಲಿ ಮಾಡ್ಯಾರ. 1877ರ ಸುಮಾರಿಗೆ ಇದನ್ನ ಅಮೆರಿಕ ಖಂಡದಿಂದ ನಮ್ಮ ದೇಶಕ್ಕ ತಂದದ್ದೂ ಒಣಭೂಮಿಗೆ ಹಸರು, ಜನಕ್ಕ ಉರುವಲ ಆಗಲಿ ಅಂತನ. ಎಲ್ಲಾ ಒಮ್ಮೆ ಕಿತ್ತು ಒಗದ್ರ ಹೆಣ್ಮಕ್ಕಳು ಉಳದ ಕರಿಜಾಲಿ, ಬೇವಿಗೇ ಕೊಡ್ಲಿ ಹಾಕಬೇಕಾಗ್ತೈತಿ.

ಬೀಳಗಿ ಬನ್ನಿಗಿಡ

ತಂಗೀ, ನಿಮ್ಮ ಮಾತು ಖರೆ ಐತಿ. ಅದಕ್ಕೂ ಪಟ್ಟಿ ಪಟ್ಟಿ ಕಡಿಯೂದ ಛಲೋ. ಕಟ್ಟಿಗಿ ಊರವ್ರಿಗೆ ಸಿಗಲಿ, ಆದ್ರ ಕಡಿಯವ್ರಿಗೆ ಬೊಡ್ಡಿ ಗಂಟ ತಗಿಯೂ ಕೂಲಿನೂ ಕೂಡ್ಸಿ ಕೊಡಬೇಕು. ಗುಜರಾತದ ಕಚ್ಛ್ ಕಡೆ 1960ರ ದಶಕದಾಗ ಉಪ್ಪಿನ ಮರಭೂಮಿ ಮುಂದ ಬರಬಾರದಂತ ಇದನ್ನ ಹಚ್ಚಿದ್ರು. ಈಗ ಅಲ್ಲಿ ಎಮ್ಮಿ ಸಾಕೂ ಮಾಲ್ಧಾರಿಗಳಿಗೆ ಹುಲ್ಲಿನ ನೆಲನ ಕಮ್ಮಿ ಆಗೈತಿ. ಗಂಟ ಬಿಟ್ಟು ಬರೀ ಮ್ಯಾಲಷ್ಟ ಕಡದ್ರ ಅಲ್ಲಿ ಆದದ್ದ ಇಲ್ಲೂ ಆಗ್ತೈತಿ.

ಬೆಳಗಾವಿ ಎಲೆತೊಟ್ಟು

ಸರ್, ನಾನು ಬೆಳಗಾವಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಪಾರ್ಥೇನಿಯಂ, ಅಂದರೆ ನಿಮ್ಮ ಕಾಂಗ್ರೆಸ್ ಕಸ, ತಿನ್ನುವ ಮೆಕ್ಸಿಕನ್ ಜೀರುಂಡೆ ಝೈಗೋಗ್ರಾಮಾ ಬಗ್ಗೆ ಯಾರೂ ಹೇಳಿಲ್ಲ. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಪುಟ್ಟ ಹುಳ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಈಗ ಬಹಳ ಕಡೆ ಹರಡಿದೆ. ಮಳೆಗಾಲದಲ್ಲಿ ಎಲೆಯನ್ನು ಜಾಲರಿ ಮಾಡಿಬಿಡುತ್ತದೆ, ಚಳಿ ಬಂದರೆ ಮಣ್ಣು ಸೇರುತ್ತದೆ. ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ. ಆದರೆ ನಿಮ್ಮಲ್ಲಿ ಕಂಡರೆ ಕೊಲ್ಲಬೇಡಿ. ಸೂರ್ಯಕಾಂತಿ ತಿನ್ನುತ್ತದೆ ಎಂದು ಹಿಂದೆ ದೊಡ್ಡ ಗಲಾಟೆಯೇ ಆಗಿತ್ತು. ಪರೀಕ್ಷಿಸಿದಾಗ ಅದು ಬೆಳೆಗೆ ಪೀಡೆಯಾಗುವ ಹುಳವಲ್ಲ ಎಂದು ತಿಳಿಯಿತು.

ಪಾರ್ಥೇನಿಯಂ ಅಡಗಿಸಲು ತಗಚೆ ಜಾತಿಯ ಕ್ಯಾಸಿಯಾ ಸೆರಿಸಿಯಾ ಬೀಜ ಎರಚಿ ಎಂದೂ ಯಾರಾದರೂ ಹೇಳಬಹುದು. ಅಡಗಿಸುವುದು ನಿಜ. ಆದರೆ ಅದೂ ಅಮೆರಿಕ ಖಂಡದಿಂದಲೇ ಬಂದ ಗಿಡ, ದನ ಮುಟ್ಟುವುದಿಲ್ಲ. ಮೇವು ಬೇಕಿರುವ ಗಾಯರಾಣಕ್ಕೆ ಅದು ಬೇಡ ಸರ್. ಅಮ್ಮನವರನ್ನು ಕೀಳುವ ಕೆಲಸಕ್ಕೆ ಮತ್ತೆ ಕಳಿಸಬೇಡಿ. ಉಳಿದವರು ತುಂಬುತೋಳು, ಕೈಗವಸು ಹಾಕಿಕೊಂಡು, ಹೂ ಬಿಡುವ ಮುಂಚೆ, ನೆಲ ಹಸಿ ಇರುವಾಗ ಕೀಳಲಿ.

ಸಾರವಾಡ ಎರಿಹೊಲ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಒಡ್ಡಿಗೆ ಹತ್ತಿದ ಕಡಿಂದ ಸುರು ಮಾಡ್ತೀವಿ, ಹೊಳಿ ಕಡೀದ್ದು ಸದ್ಯ ಓಣಿ ಹೆಣ್ಮಕ್ಕಳ ಕಟ್ಟಿಗಿಗೆ ಇರಲಿ. ಬೀಳಗಿ ಅಣ್ಣಾರ, ಬನ್ನಿ ಸಸಿ ಹಚ್ಚಿದ್ರ ಕಳೆ ತಗಿಯೂ ಆಳಿಗೆ ಅದ್ಯಾವ್ದು, ಬಳ್ಳಾರಿ ಜಾಲಿ ಯಾವ್ದು ಅಂತ ಹೆಂಗ ತೋರಸೂದು?

ಬೀಳಗಿ ಬನ್ನಿಗಿಡ

ಮುಳ್ಳ ನೋಡ್ರಿ. ಬಳ್ಳಾರಿ ಜಾಲಿಗೆ ಎಲಿ ಹೊರಡೂ ಗಿಣ್ಣಿನ ಮಗ್ಗಲಕ್ಕ ಉದ್ದನ್ನ ಮುಳ್ಳ, ಹೆಚ್ಚಾಗಿ ಜೋಡಿ. ಬನ್ನಿಗೆ ಗಿಣ್ಣು ಗಿಣ್ಣಿನ ನಡುವ ಸಣ್ಣ ಮೊಂಡ ಮುಳ್ಳ, ಎಲ್ಲೆಂದ್ರಲ್ಲೆ ಚೆಲ್ಲಿದಂಗ ಇರ್ತಾವ. ಬನ್ನಿ ಭಾಳ ಸಾವಕಾಶ ಬೆಳೀತೈತಿ, ಮೊದಲಿನ ವರ್ಷಗಳಾಗ ಪ್ರತಿ ಸಸಿಗೂ ಒಂದೊಂದ ಕೋಲ ನೆಟ್ಟು ಗುರುತ ಇಡ್ರಿ. ಕಡದ ಜಾಲಿ ಮುಳ್ಳನ ಸುತ್ತ ಬೇಲಿ ಹಾಕ್ರಿ, ಆಡು ಬಾಯಿ ಹಾಕೂದಿಲ್ಲ. ಆದ್ರ ಕಾಯಿ ಇದ್ದ ಟೊಂಗಿ ಬ್ಯಾಡ.